ಊರ ಗೋಡೆಯ ಮೇಲೆ ಊರು
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೀದಿ ಚಿತ್ರಗಾರರ ಪ್ರಣಾಳಿಕೆ

ನಾವು ಬೋರ್ಡ್ ಬರೆಯುವವರು. ಲಾರಿಯ ಬೆನ್ನಿಗೆ ನವಿಲು, ನಂಬರ್ ಪ್ಲೇಟಿಗೆ ಅಂಕಿ, ಶಾಲೆಯ ಗೋಡೆಗೆ ಭಾರತದ ನಕ್ಷೆ, ಆಟೊದ ಹಿಂಬದಿಗೆ ರಾಜ್‌ಕುಮಾರ್, ಕಾಲೋನಿಯ ಸಮುದಾಯ ಭವನಕ್ಕೆ ಅಂಬೇಡ್ಕರ್, ಊರಹಬ್ಬದ ನಾಟಕಕ್ಕೆ ಸೀನರಿ ಬರೆದುಕೊಟ್ಟ ಕೈಗಳು ನಮ್ಮವು. ನಸುಕಿನಲ್ಲಿ ಬಾಗಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಅಕ್ಕಂದಿರು ನಮ್ಮ ಜೊತೆಗಿದ್ದಾರೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೇಷ್ಟ್ರ ಮುಖ ಬರೆಯುವ ಕಾಲೇಜು ಹುಡುಗರಿದ್ದಾರೆ. ನಮ್ಮಲ್ಲಿ ಬಹುಪಾಲು ಮಂದಿ ಯಾವ ಚಿತ್ರಕಲಾ ಶಾಲೆಗೂ ಹೋದವರಲ್ಲ. ಹಿರಿಯ ಪೇಂಟರ್ ಒಬ್ಬರ ಬಣ್ಣದ ಡಬ್ಬ ಹೊತ್ತು, ಬಳಪದ ಪುಡಿ ಹಚ್ಚಿದ ದಾರದ ಒಂದು ತುದಿ ಹಿಡಿದು, ಅವರು ಅದನ್ನು ಮೀಟಿ ಗೆರೆ ಹೊಡೆಯುವುದನ್ನು ನೋಡುತ್ತ ಕಲಿತವರು. ಅಂಗೈಯಗಲದ ಫೋಟೊದ ಮೇಲೆ ಚೌಕ ಎಳೆದು ಅದನ್ನು ಹತ್ತಡಿ ಗೋಡೆಗೆ ಏರಿಸುವ ಲೆಕ್ಕ ನಮಗೆ ಗೊತ್ತು. ಮೂಗು ಎಲ್ಲಿ ಕೆಡುತ್ತದೆ, ಕಣ್ಣು ಎಲ್ಲಿ ಜೀವ ಹಿಡಿಯುತ್ತದೆ ಅನ್ನುವುದೂ ಗೊತ್ತು.

ಹೀಗಿದ್ದೂ ಒಂದು ಕೆಲಸ ಬಾಕಿ ಉಳಿಸಿಕೊಂಡಿದ್ದೇವೆ. ತಿಪಟೂರಿನ ಬಿ.ಎಚ್. ರಸ್ತೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದು ನೋಡಿ. ಸಿಮೆಂಟು, ಬೋರ್‌ವೆಲ್ ಪೈಪು, ಕೋಚಿಂಗ್ ಸೆಂಟರಿನ ರ‍್ಯಾಂಕ್ ಮಕ್ಕಳು, ನಾಯಕರ ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ. ತುರುವೇಕೆರೆ, ಚಿ.ನಾ.ಹಳ್ಳಿ ಬಸ್ ನಿಲ್ದಾಣಗಳ ಸುತ್ತಲೂ ಇದೇ. ಈ ಊರುಗಳಲ್ಲಿ ದಿನ ಬೆಳಗಾದರೆ ನಡೆಯುವ ಬದುಕು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ. ಅದನ್ನು ಬರೆಯಲು ಹೊರಟಿದ್ದೇವೆ. ಮೂರು ಊರಿನಲ್ಲಿ ಮೂರು ಉದ್ದನೆಯ ಗೋಡೆ, ಒಂದೊಂದರ ಮೇಲೂ ಆಯಾ ಊರಿನ ಒಂದು ದಿನ. ಈ ಚಳವಳಿ ಕೇಳುವುದು, ಕೊಡುವುದು ಎರಡೂ ಇಷ್ಟೇ.

ನಮ್ಮ ಸೀಮೆಗೆ ಪಟ್ಟಣದ ಚಿತ್ರ ಹೊಸದಲ್ಲ. ಗುಬ್ಬಿ ಇಲ್ಲಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ದೂರ. 1884ರಲ್ಲಿ ಅಲ್ಲಿ ನಾಟಕ ಕಂಪನಿ ಹುಟ್ಟಿತು, ಮುಂದೆ ವೀರಣ್ಣನವರ ಕೈಯಲ್ಲಿ ಅದು ನಾಡಿಗೇ ಹೆಸರಾಯಿತು. ಕಂಪನಿ ನಾಟಕದ ಜೊತೆಗೆ ಬಣ್ಣದ ಪರದೆಗಳು ಬಂದವು: ದರ್ಬಾರು, ಅಂತಃಪುರ, ಕಾಡು, ಉದ್ಯಾನ, ಬೀದಿ. ಇವತ್ತಿಗೂ ಶಿವರಾತ್ರಿ, ಯುಗಾದಿ ಸಮಯದಲ್ಲಿ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡಿದರೆ ಇದೇ ಪರದೆಗಳು ಬಾಡಿಗೆಗೆ ಬರುತ್ತವೆ. ಇವುಗಳಲ್ಲಿ ಬೀದಿ ಪರದೆಯನ್ನು ಗಮನವಿಟ್ಟು ನೋಡಬೇಕು. ಎರಡೂ ಕಡೆ ಸಾಲು ಮನೆ, ಕಂಬ, ಜಗಲಿ, ಉಪ್ಪರಿಗೆ. ನಡುವೆ ದೂರಕ್ಕೆ ಹೋಗುತ್ತ ಕಿರಿದಾಗುವ ರಸ್ತೆ. ಬೆಂಗಳೂರು ನೋಡದ ಎಷ್ಟೋ ಮಂದಿ ಪೇಟೆಬೀದಿ ಅಂದರೇನೆಂದು ಮೊದಲು ತಿಳಿದದ್ದು ಆ ಬಟ್ಟೆಯ ಮೇಲೆ. ಅದನ್ನು ಬರೆದವರು ದೂರ–ಹತ್ತಿರದ ಲೆಕ್ಕವನ್ನು ಪುಸ್ತಕದಲ್ಲಿ ಓದಿರಲಿಲ್ಲ, ಕಣ್ಣಿನಿಂದಲೇ ಹಿಡಿದಿದ್ದರು. ಆದರೆ ಆ ಬೀದಿಯಲ್ಲಿ ಜನ ಇಲ್ಲ. ಇರುವಂತೆಯೂ ಇರಲಿಲ್ಲ, ಪರದೆಯ ಮುಂದೆ ಹಾಸ್ಯಪಾತ್ರಗಳು ನಿಂತು ಆಡಬೇಕಿತ್ತು, ಹಿಂದೆ ಮುಂದಿನ ದೃಶ್ಯಕ್ಕೆ ಸಿಂಹಾಸನ ಜೋಡಿಸಬೇಕಿತ್ತು. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಚಿತ್ರಗಾರರು ಬರೆದ ಆ ಬರಿದಾದ ಬೀದಿಗೆ ಈಗ ಜನರನ್ನು ಇಳಿಸುತ್ತೇವೆ.

ಯಾವ ಜನ? ಅದನ್ನು ಬಿಡಿಸಿ ಹೇಳಲೇಬೇಕು. ಬಣ್ಣ ಕಲಸುವ ಮೊದಲೇ ಜಗಳ ಆಗುವುದಿದ್ದರೆ ಇಲ್ಲೇ ಆಗಲಿ.

ತಿಪಟೂರಿನ ಗೋಡೆಯಲ್ಲಿ ಮೊದಲು ಬರಬೇಕಾದ್ದು ಎಪಿಎಂಸಿ ಯಾರ್ಡು. ಉಂಡೆ ಕೊಬ್ಬರಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ ಇದು. ಇಲ್ಲಿಂದ ಹೋದ ಕೊಬ್ಬರಿ ಉತ್ತರ ಭಾರತದ ಮದುವೆ ಮನೆಗಳಲ್ಲಿ, ದೇವರ ಪ್ರಸಾದದಲ್ಲಿ, ಸಿಹಿ ಅಂಗಡಿಗಳಲ್ಲಿ ಮುಗಿಯುತ್ತದೆ. ಆ ಒಂದು ಗಿಟುಕಿನ ಹಿಂದೆ ಎಷ್ಟು ಮಂದಿ ಇದ್ದಾರೆ ಅನ್ನುವುದು ಚೀಲದ ಮೇಲೆ ಕಾಣುವುದಿಲ್ಲ. ಮರ ಹತ್ತಿ ಗೊನೆ ಇಳಿಸಿದವನು, ಅಟ್ಟಕ್ಕೆ ಹೊತ್ತು ಹಾಕಿದವನು, ಒಳಗಿನ ನೀರು ಇಂಗಲಿ ಎಂದು ಎಂಟು ಹತ್ತು ತಿಂಗಳು, ಕೆಲವರು ವರ್ಷ ಪೂರ್ತಿ ಕಾದ ಮನೆಯವರು, ಮಟ್ಟೆ ಸುಲಿದವರು, ಗಿಟುಕು ಒಡೆಯದಂತೆ ಚಿಪ್ಪು ಬಿಡಿಸಿದ ಹೆಂಗಸರು, ಮೂಟೆ ಹೊತ್ತ ಹಮಾಲರು, ತೂಕದವರು, ಮಂಡಿಯ ಗುಮಾಸ್ತರು, ಮೊಬೈಲಿನಲ್ಲಿ ಟೆಂಡರ್ ದರ ನೋಡುತ್ತ ಕಟ್ಟೆ ಮೇಲೆ ಕೂತ ರೈತ. ಆ ರೈತನ ಮುಖವನ್ನು ಒಂದೇ ಸಲ ಬರೆದರೆ ಸಾಲದು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 8 ಸಾವಿರದ ಆಸುಪಾಸು. ಮರುವರ್ಷದ ಆರಂಭದಲ್ಲಿ ಪಹಣಿ, ಆಧಾರ್, ಫ್ರೂಟ್ಸ್ ಐಡಿ ಹಿಡಿದು, ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ನ ನೋಂದಣಿಗೆ ಜನ ಸರದಿ ನಿಂತರು. 2025ರಲ್ಲಿ ಬೆಲೆ 20 ಸಾವಿರ ದಾಟಿತು. ಆ ಹೊತ್ತಿಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಕಾಯಿ ಇರಲಿಲ್ಲ, ತೋಟದಲ್ಲಿ ನುಸಿ, ಕಪ್ಪುತಲೆ ಹುಳು, ಅಣಬೆ ರೋಗ ಇದ್ದವು. ಈ ಏರಿಳಿತವನ್ನು ಸುದ್ದಿಪತ್ರಿಕೆ ಅಂಕಿಯಲ್ಲಿ ಬರೆಯಿತು. ನಾವು ಮುಖದಲ್ಲಿ ಬರೆಯುತ್ತೇವೆ.

ಇದು ಪಟ್ಟಣದ ಬದುಕೇ? ಹೌದು, ಇದೇ ನಮ್ಮ ಪಟ್ಟಣದ ಬದುಕು. ನಗರ ಎಂದರೆ ಬೆಂಗಳೂರಿನ ಮೇಲ್ಸೇತುವೆ, ಮೆಟ್ರೊ, ಗಾಜಿನ ಕಟ್ಟಡ ಎಂದು ನಂಬಿ ನಮ್ಮ ಊರುಗಳನ್ನು ನಾವೇ ಹಳ್ಳಿ ಎಂದು ಕರೆದುಕೊಳ್ಳುತ್ತ ಬಂದೆವು. 2011ರ ಜನಗಣತಿಯ ಹೊತ್ತಿಗೇ ತಿಪಟೂರು ಸುಮಾರು 60 ಸಾವಿರ ಜನರ ನಗರ. ಇಲ್ಲಿ ಬಾಡಿಗೆ ಮನೆ ಇದೆ, ಸಾಲದ ಕಂತು ಇದೆ, ಬೆಳಗಿನ ರೈಲಿಗೆ ಓಡುವ ಜನ ಇದ್ದಾರೆ, ಆ ರೈಲಿನಲ್ಲಿ ಹೋಗಿ ಹಬ್ಬಕ್ಕೆ ಮಾತ್ರ ಬರುವ ಮಕ್ಕಳಿದ್ದಾರೆ. ಜನ ಏಳುವ ಮೊದಲು ಬೀದಿ ಗುಡಿಸಿ ಮುಗಿಸುವ ಪೌರಕಾರ್ಮಿಕರಿದ್ದಾರೆ. ನಾರಿನ ಫ್ಯಾಕ್ಟರಿಯ ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ದುಡಿಯುವವರು, ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಡೆ ಹೊಗೆಯಲ್ಲಿ ನಿಲ್ಲುವವರು ಇದ್ದಾರೆ, ಅವರಲ್ಲಿ ಬೇರೆ ರಾಜ್ಯದಿಂದ ಬಂದವರೂ ಸೇರಿದ್ದಾರೆ. ತೆಂಗಿನ ತೋಟದ ನಡುವೆ ನೆಟ್ಟ ಸೈಟಿನ ಕಲ್ಲುಗಳಿವೆ. ಫಲ ಬಿಡುವ ಮರವನ್ನು ಉರುಳಿಸಿ ಮೂವತ್ತು–ನಲವತ್ತರ ಸೈಟು ಅಳೆಯುವ ಆ ಗಳಿಗೆ ನಮ್ಮ ಗೋಡೆಯಲ್ಲಿ ಇರಲೇಬೇಕು. ಮಾರಿದವನನ್ನು ಹಳಿಯಲು ಅಲ್ಲ, ಅವನಿಗೆ ಮಾರದೆ ಗತಿಯಿಲ್ಲದಂತಾದದ್ದು ಊರಿಗೆ ನೆನಪಿರಲಿ ಎಂದು.

ತುರುವೇಕೆರೆಯ ಗೋಡೆಯಲ್ಲಿ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರು ಬರಲಿ. ಸಿಮೆಂಟಿನ ಜಾಹೀರಾತನ್ನು ಗೋಡೆಗೋಡೆಗೂ ಬರೆದಿದ್ದೇವೆ, ಸಿಮೆಂಟು ಮಾಡಿದವರನ್ನು ಒಮ್ಮೆಯೂ ಬರೆದಿಲ್ಲ. ಹೇಮಾವತಿ ನಾಲೆಯ ನೀರಿಗಾಗಿ ಕಾಯುವ ಕೆರೆಯ ಅಚ್ಚುಕಟ್ಟಿನ ಜನ ಬರಲಿ. ಚಿ.ನಾ.ಹಳ್ಳಿಯಲ್ಲಿ ಗಣಿ ಬರಬೇಕು. ಅದಿರಿನ ಲಾರಿಗಳು ಓಡಿದ ಕಾಲದಲ್ಲಿ ತೆಂಗಿನ ಗರಿಯ ಮೇಲೆ ಕೂತ ಕೆಂಧೂಳು, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋಗಿ ಮನೆಗೆ ಬಂದ ಡ್ರೈವರ್, ಕ್ಲೀನರ್, ಮೆಕ್ಯಾನಿಕ್ಕುಗಳು, ಎರಡೂ ಒಂದೇ ಗೋಡೆಯಲ್ಲಿ ಇರಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಅದು ಯಾರೋ ಒಬ್ಬರ ಪರವಾದ ಪೋಸ್ಟರ್ ಆಗುತ್ತದೆ.

ತಮ್ಮ ಕಾಲವನ್ನು ಗೋಡೆಗೆ ತಂದ ಚಿತ್ರಗಾರರು ನಮ್ಮ ಜಿಲ್ಲೆಯಲ್ಲೇ ಆಗಿಹೋಗಿದ್ದಾರೆ. ತುಮಕೂರು–ಶಿರಾ ಹೆದ್ದಾರಿಯ ಸೀಬಿ ನರಸಿಂಹಸ್ವಾಮಿ ಗುಡಿಯಲ್ಲಿ ಪುರಾಣದ ಕಥೆಗಳ ಜೊತೆಗೇ ಹೈದರ್, ಟಿಪ್ಪುವಿನ ದರ್ಬಾರಿನ ಚಿತ್ರಗಳಿವೆ. ದೇವರ ಗುಡಿಯ ಚಾವಣಿಯಲ್ಲಿ ತಾವು ಕಂಡ ಕಾಲದ ಉಡುಗೆ, ಆನೆ, ಸಿಪಾಯಿ ಬರೆಯಲು ಅವರಿಗೆ ಅಳುಕಾಗಲಿಲ್ಲ. ಅವರ ಹೆಸರು ನಮಗೆ ಉಳಿದಿಲ್ಲ.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ ಗೋಡೆಬರಹ ನಮ್ಮ ನಾಡಿನಲ್ಲಿ ಹೋರಾಟದ ಮಾತೇ ಆಗಿತ್ತು. ದಲಿತ ಸಂಘರ್ಷ ಸಮಿತಿಯ ಹುಡುಗರು ರಾತ್ರಿ ಹೊತ್ತು ಕೆಮ್ಮಣ್ಣು ಕಲಸಿ ಬರೆದರು. 1980ರಲ್ಲಿ ಹುಟ್ಟಿದ ರೈತ ಸಂಘ ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಊರಬಾಗಿಲಲ್ಲಿ ಫಲಕ ನಿಲ್ಲಿಸಿತು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಹಳ್ಳಿಯ ಗೋಡೆಗಳೇ ಪಾಠದ ಪುಟಗಳಾದವು. ಆ ಅಕ್ಷರಗಳನ್ನು ಬರೆದವರಲ್ಲಿ ನಮ್ಮ ಗುರುಗಳಿದ್ದರು. ಕೂಲಿ ಕೇಳದೆ ಬರೆದರು.

ಆಮೇಲೆ ಫ್ಲೆಕ್ಸ್ ಬಂತು. ಒಂದು ಅಂಗಡಿಯ ಬೋರ್ಡಿಗೆ ನಮಗೆ ಎರಡು ದಿನ ಹಿಡಿಯುತ್ತಿತ್ತು, ಯಂತ್ರ ಅದನ್ನು ಚಹಾ ಕುಡಿಯುವಷ್ಟರಲ್ಲಿ ಉಗುಳಿಬಿಡುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸ್, ಬ್ಯಾನರ್ ಸೇರಿದಂತೆ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ರಾಶಿರಾಶಿ ಫ್ಲೆಕ್ಸ್ ಇಳಿಸಿದರು. ನಮ್ಮ ಊರುಗಳಲ್ಲಿ ಅವು ಕಟ್ಟಿಕೊಂಡೇ ಇವೆ, ಹರಿದ ಮೇಲೆ ಸುಡುತ್ತಲೇ ಇದ್ದೇವೆ. ಫ್ಲೆಕ್ಸ್ ಅಂಗಡಿಯ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಅವರಲ್ಲಿ ಕೆಲವರು ನಮ್ಮ ಮಕ್ಕಳೇ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಅವರ ಕಣ್ಣೂ ಚೆನ್ನಾಗಿದೆ. ಅವರನ್ನೂ ಗೋಡೆಗೆ ಕರೆಯುತ್ತೇವೆ.

ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ಎತ್ತಲೇಬೇಕು. 2009ರಲ್ಲಿ ಮಹಾನಗರ ಪಾಲಿಕೆ ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರನ್ನು, ಬೋರ್ಡ್ ಬರೆಯುವವರನ್ನು ಕರೆದು ನಗರದ ಗೋಡೆಗಳಿಗೆ ಚಿತ್ರ ಬರೆಸಿತು. ಕೆಲಸ ಸಿಕ್ಕಿದ್ದು ಸಂತೋಷ. ನಾವು ಆ ಕೈಗಳಿಗೆ ತಲೆಬಾಗುತ್ತೇವೆ. ಆದರೆ ಗೋಡೆಗಳ ಮೇಲೆ ಬಂದದ್ದು ಹೆಚ್ಚಾಗಿ ಹಂಪಿ, ಜೋಗ, ಹುಲಿ, ಯಕ್ಷಗಾನ. ರಾಜಾಜಿನಗರದ ಪವರ್‌ಲೂಮ್, ಪೀಣ್ಯದ ಲೇತು, ಗಾರ್ಮೆಂಟ್ಸ್‌ನಿಂದ ಹೊರಬರುವ ಹೆಣ್ಣುಮಕ್ಕಳು, ಕೃಷ್ಣರಾಜ ಮಾರುಕಟ್ಟೆಯ ಹೂವಿನವರು, ಇದನ್ನೆಲ್ಲ ದಿನವೂ ಕಂಡವರ ಕೈಗೆ ಪ್ರವಾಸೋದ್ಯಮದ ಫೋಟೊ ಕೊಟ್ಟು ನಕಲು ಮಾಡಿಸಿದಂತಾಯಿತು. ಈಗ ಸ್ವಚ್ಛತೆಯ ಹೆಸರಿನಲ್ಲಿ ನಮ್ಮ ಊರುಗಳಲ್ಲೂ ಮರ, ಭೂಗೋಳ, ಕಸದ ಬುಟ್ಟಿ ಬರೆಸುತ್ತಾರೆ. ಯಾವ ಊರಿಗಾದರೂ ಸಲ್ಲುವ ಚಿತ್ರ ನಮ್ಮ ಊರಿನದಾಗುವುದು ಹೇಗೆ? ಏನು ಬರೆಯಬೇಕೆಂದು ತೀರ್ಮಾನಿಸುವ ಹಕ್ಕು ಬರೆಯುವವರಿಗೂ ಆ ಬೀದಿಯವರಿಗೂ ಸೇರಬೇಕು ಎಂಬುದು ನಮ್ಮ ಮೊದಲ ಬೇಡಿಕೆ. ಇದರಲ್ಲಿ ರಾಜಿ ಇಲ್ಲ.

ಹೀಗೆ ತಾವೇ ತೀರ್ಮಾನಿಸಿ ಬೀದಿಗಿಳಿದವರು ಮೈಸೂರಿನ ಬಾದಲ್ ನಂಜುಂಡಸ್ವಾಮಿ. ಅವರು ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಕಲಿತವರು, ಕಲಿತೂ ಗ್ಯಾಲರಿಯ ಒಳಗೆ ನಿಲ್ಲದೆ ರಸ್ತೆಗೆ ಬಂದವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿಗೆ ಮೊಸಳೆಯನ್ನು ಇಳಿಸಿದರು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನಲ್ಲಿ ನಟ ಪೂರ್ಣಚಂದ್ರ ಮೈಸೂರು ನಡೆದರು. ಆಟೊ ಪಕ್ಕದಲ್ಲಿ ಹಾದುಹೋಗುವವರೆಗೆ ಅದು ಚಂದ್ರನ ಮೇಲ್ಮೈಯೇ ಆಗಿತ್ತು. ಎರಡೂ ಸಲ ಪಾಲಿಕೆಯವರು ಬೇಗನೆ ಬಂದು ಗುಂಡಿ ಮುಚ್ಚಿದರು. ಗುಂಡಿಯೇ ಕ್ಯಾನ್ವಾಸ್ ಆಗಬಹುದು, ಊರಿನ ಗಾಯವನ್ನು ಗಾಯವಿರುವ ಜಾಗದಲ್ಲೇ ತೋರಿಸಬೇಕು ಎಂಬುದನ್ನು ನಾವು ಅವರಿಂದ ಕಲಿತೆವು. ನಮ್ಮ ದಾರಿ ಒಂದು ಕಡೆ ಬೇರೆಯಾಗುತ್ತದೆ. ಗುಂಡಿ ಮುಚ್ಚಿದರೆ ಅವರ ಕೃತಿಯ ಕೆಲಸ ಮುಗಿಯಿತು. ಕೊಬ್ಬರಿಯ ಬೆಲೆ, ಹಮಾಲರ ಬೆನ್ನುನೋವು, ಊರು ಬಿಟ್ಟ ಮಕ್ಕಳು ಒಂದು ಲೋಡ್ ಜಲ್ಲಿಯಿಂದ ಮುಚ್ಚುವ ಗುಂಡಿಗಳಲ್ಲ. ನಮ್ಮ ಚಿತ್ರ ವರ್ಷಗಟ್ಟಲೆ ನಿಲ್ಲಬೇಕು, ಆ ದಾರಿಯಲ್ಲಿ ಓಡಾಡುವವರ ಮನಸ್ಸಿನಲ್ಲಿ ನಿಧಾನವಾಗಿ ಕೆಲಸ ಮಾಡಬೇಕು.

ಸ್ವಂತ ಕಲಿಕೆಯ ಬಗ್ಗೆ ಯಾರಾದರೂ ಹಗುರವಾಗಿ ಆಡಿದರೆ ನೇಕ್ ಚಂದ್ ಅವರ ಹೆಸರು ಹೇಳಿ. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವರು, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರ ಕಟ್ಟಲು ಒಡೆದುಹಾಕಿದ ಹಳ್ಳಿಗಳ ಹೆಂಚು, ಮಡಕೆ ಚೂರು, ಬಳೆ ಚೂರುಗಳನ್ನು ಸೈಕಲ್ಲಿನಲ್ಲಿ ಹೊತ್ತು ಕಾಡಿನ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಮನುಷ್ಯರನ್ನು, ಪ್ರಾಣಿಗಳನ್ನು ಮಾಡುತ್ತ ಹೋದರು. 1950ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ 1970ರ ದಶಕದ ನಡುವಿನಲ್ಲಿ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನ ಬಿಡಲಿಲ್ಲ. 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ತೆರೆಯಿತು, ಅವರಿಗೆ ಸಂಬಳವನ್ನೂ ಕೆಲಸಗಾರರನ್ನೂ ಕೊಟ್ಟರು. ನಕ್ಷೆ ಹಾಕಿ ಕಟ್ಟಿದ ನಗರದ ನಡುವೆ, ಆ ನಗರಕ್ಕಾಗಿ ಮನೆ ಬಿಟ್ಟವರ ನೆನಪು ಅವರಿಂದ ಉಳಿಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಶಿಲ್ಪ ಕಲಿಸಿದ ಗುರು ಯಾರೂ ಇರಲಿಲ್ಲ.

ನಮ್ಮ ಕಟ್ಟಳೆಗಳನ್ನು ಈಗ ಹೇಳುತ್ತೇವೆ.

ಗೋಡೆ ಕದಿಯುವುದಿಲ್ಲ. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸಬಾರದೆಂದು 1981ರ ರಾಜ್ಯ ಕಾಯ್ದೆ ಇದೆ. ನಗರಸಭೆ, ಪಟ್ಟಣ ಪಂಚಾಯಿತಿ, ರೈಲ್ವೆ, ಖಾಸಗಿ ಯಜಮಾನರು ಯಾರೇ ಇರಲಿ, ಬರಹದಲ್ಲಿ ಒಪ್ಪಿಗೆ ಪಡೆದೇ ಕುಂಚ ಎತ್ತುತ್ತೇವೆ. ಒಪ್ಪಿಗೆ ಕೊಟ್ಟವರು ಆಮೇಲೆ ತಮ್ಮ ಮುಖ ಸೇರಿಸಿ ಎಂದರೆ ಆಗುವುದಿಲ್ಲ. ಬದುಕಿರುವ ಯಾವ ರಾಜಕಾರಣಿಯ ಚಿತ್ರವೂ, ಪಕ್ಷದ ಗುರುತೂ ಈ ಗೋಡೆಗಳಲ್ಲಿ ಇರುವುದಿಲ್ಲ.

ಬರೆಯುವ ಮೊದಲು ಆ ಬೀದಿಯವರನ್ನು ಕೂರಿಸಿಕೊಂಡು ಕೇಳುತ್ತೇವೆ. ಹೆಂಗಸರು ಮಾತಾಡುವವರೆಗೆ ಆ ಸಭೆ ಮುಗಿಯುವುದಿಲ್ಲ. ಒಬ್ಬರ ಮುಖವನ್ನು ಗೋಡೆಗೆ ಏರಿಸುವ ಮುನ್ನ ಅವರನ್ನೇ ಕೇಳಬೇಕು. ಬೇಡ ಅಂದರೆ ಬೇಡ. ಅವರ ಕೆಲಸವನ್ನು ಬರೆಯೋಣ, ಮುಖವನ್ನು ಬಿಡೋಣ.

ಕೂಲಿ ಕೊಡುತ್ತೇವೆ. ಊರಿನಲ್ಲಿ ಗಾರೆ ಮೇಸ್ತ್ರಿಗೆ ನಡೆಯುವ ದಿನಗೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಇಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಕಲೆಗೆ ಬೆಲೆ ಕಟ್ಟಲಾಗದು ಎಂದು ಹೊಗಳಿ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಗುರುಗಳ ಕಾಲಕ್ಕೇ ಸಾಕಾಯಿತು. ದುಡ್ಡಿಗಾಗಿ ಅಂಗಡಿಯವರಿಂದ, ಮಂಡಿಯವರಿಂದ, ಹಳೆಯ ವಿದ್ಯಾರ್ಥಿಗಳಿಂದ ಚಂದಾ ಎತ್ತುತ್ತೇವೆ. ಲೆಕ್ಕವನ್ನು ಅದೇ ಗೋಡೆಯ ಪಕ್ಕ ಬರೆದು ಹಾಕುತ್ತೇವೆ. ಕೊಟ್ಟವರ ಹೆಸರು ಲೆಕ್ಕದಲ್ಲಿ ಇರುತ್ತದೆ, ಚಿತ್ರದಲ್ಲಿ ಇರುವುದಿಲ್ಲ.

ಬಣ್ಣದ ವಿಚಾರದಲ್ಲಿ ಹಟ ಹಿಡಿಯುತ್ತೇವೆ. ನಮ್ಮ ಹಿರಿಯರು ಸೀಸ ಬೆರೆತ ಎನಾಮಲ್ ಬಣ್ಣವನ್ನು ಬರಿಗೈಯಲ್ಲಿ ಕಲಸಿದರು, ಟರ್ಪೆಂಟೈನ್‌ನಲ್ಲಿ ಕೈ ತೊಳೆದು ಅದೇ ಕೈಯಲ್ಲಿ ಉಂಡರು. ಸೀಸದ ಅಂಶ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನೀರಿನಲ್ಲಿ ಕಲಸುವ ಹೊರಗೋಡೆಯ ಎಮಲ್ಷನ್, ಸುಣ್ಣ, ಕೆಮ್ಮಣ್ಣು ಇವೇ ನಮ್ಮ ಸಾಮಗ್ರಿ. ಡಬ್ಬದ ಮೇಲೆ ಸೀಸದ ವಿವರ ಇಲ್ಲದ ಬಣ್ಣ ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ. ತಳದಿಂದ ತೇವ ಏರುವ ಗೋಡೆ ಆರಿಸುವುದಿಲ್ಲ, ಪ್ರೈಮರ್ ಬಿಡುವುದಿಲ್ಲ. ಎರಡು ಮಳೆಗಾಲಕ್ಕೆ ಹೊಪ್ಪಳೆಯೆದ್ದು ಉದುರುವ ಚಿತ್ರ ಬರೆದರೆ ಜನ ಮುಂದಿನ ಗೋಡೆ ಕೊಡುವುದಿಲ್ಲ.

ಹೆಸರು ಬರೆಯುತ್ತೇವೆ. ನಮ್ಮ ನೆರೆಯ ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ವಿಗ್ರಹಗಳ ಬುಡದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ತಿಪಟೂರು ತಾಲ್ಲೂಕಿನದೇ ಆದ ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಜೊತೆಗೆ ಹೊನ್ನೋಜನ ಹೆಸರು ಉಳಿದಿದೆ. ಸೀಬಿಯ ಚಿತ್ರಗಾರರಿಗೆ ಆ ಭಾಗ್ಯ ಸಿಗಲಿಲ್ಲ. ನಮ್ಮ ಗೋಡೆಯ ಕೆಳಗೆ ಮುಖ್ಯ ಗೆರೆ ಎಳೆದವರಿಂದ ಹಿಡಿದು ದಾರ ಹಿಡಿದ, ಬಣ್ಣ ಕಲಸಿದ ಹುಡುಗನವರೆಗೆ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತದೆ.

ಕಲಿಸುತ್ತೇವೆ. ಕೈಬರಹದ ಬೋರ್ಡಿನ ಕನ್ನಡ ಅಕ್ಷರ ಬಲ್ಲವರು ಈಗ ಪ್ರತಿ ಊರಿನಲ್ಲೂ ಬೆರಳೆಣಿಕೆಯಷ್ಟು. ಗುಂಡಗಿನ ಅಕ್ಷರಕ್ಕೆ ನೆರಳು ಕೊಡುವ ಬಗೆ, ಒತ್ತಕ್ಷರ ಮೇಲಿನ ಸಾಲಿಗೆ ತಾಗದಂತೆ ಕೂರಿಸುವ ಬಗೆ ಅವರ ಬೆರಳಿನಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿ ಗೋಡೆಯ ಕೆಲಸದಲ್ಲೂ ಹಿರಿಯರೊಬ್ಬರ ಪಕ್ಕ ಹೊಸಬರು ಇಬ್ಬರು ಇರಬೇಕು, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಬೇಕು.

ಮೊದಲ ಗೋಡೆ ತಿಪಟೂರಿನಲ್ಲಿ, ಕೊಬ್ಬರಿ ಚೀಲದ ಗಾಡಿಗಳು ಓಡಾಡುವ ದಾರಿಯ ಮೇಲೆಯೇ ಬೇಕು. ಮಳೆ ಕಳೆದು ಗೋಡೆ ಒಣಗಿದ ಮೇಲೆ ಸುಣ್ಣ ಕೆರೆಯಲು ಶುರು ಮಾಡುತ್ತೇವೆ. ಗೋಡೆ ಕೊಡುವವರು ನಮ್ಮಲ್ಲಿ ಯಾವ ಪೇಂಟರನ್ನಾದರೂ ಕಂಡು ಹೇಳಿ. ಬೋರ್ಡ್ ಬರೆಯುವವರ ಮನೆ ಊರಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮನೆಯಲ್ಲಿ ಹಳೆಯ ಮಂಡಿಯ, ಸಂತೆಯ, ರೈಲು ನಿಲ್ದಾಣದ ಫೋಟೊ ಇದ್ದರೆ ತಂದು ತೋರಿಸಿ, ನೋಡಿ ವಾಪಸು ಕೊಡುತ್ತೇವೆ. ಬಣ್ಣ ಕಲಸಲು ಚಿಪ್ಪು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ. ಏಣಿ, ಸಾರುವೆ ಕಟ್ಟುವ ಬೊಂಬು, ಹಗ್ಗ ಇದ್ದವರು ತನ್ನಿ.